ಅಡವೀಶಯ್ಯನವರ ತಮ್ಮ

ಗುಬ್ಬಿಯ ಅಡವೀಶಯ್ಯನವರು ಮುಹೂರ್ತ ನೋಡದೆ ಮಾಡಿದ ಕೆಲಸ ಅಂತ ಇದ್ದರೆ ಅದು ಒಂದೇ: ಭಾಮೈದನ ಕೈಯಿಂದ ಫೋನು ಈಸಿಕೊಂಡದ್ದು. ಮದುವೆ, ಗೃಹಪ್ರವೇಶ, ಹೊಸ ಟ್ರ್ಯಾಕ್ಟರಿನ ಪೂಜೆ, ಬೋರ್‌ವೆಲ್ ಕೊರೆಸುವ ಮುಂಚಿನ ಪೂಜೆ, ನೀರು ಬೀಳದಿದ್ದರೆ ಆಮೇಲಿನ ಶಾಂತಿ, ಹೀಗೆ ಊರಿನವರ ಸಕಲ ಕಾರ್ಯಗಳಿಗೂ ಪಂಚಾಂಗ ಬಿಚ್ಚಿ ಗಳಿಗೆ ಹೇಳುತ್ತಿದ್ದ ಅಯ್ಯನವರು ತಮ್ಮ ವಿಷಯದಲ್ಲಿ ಮಾತ್ರ ಎಡವಿದರು. ತುಮಕೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಭಾಮೈದ ಗುರುಪ್ರಕಾಶ ಒಂದು ಸೆಕೆಂಡ್ ಹ್ಯಾಂಡ್ ಫೋನು ತಂದು, "ಇಟ್ಕೊಳ್ಳಿ ಭಾವ, ಕಾಲೇಜ್ ಹುಡ್ಗಿ ಯೂಸ್ ಮಾಡಿದ್ದು, ಒಂದು ಗೀರಿಲ್ಲ. ಈಗ ಎಲ್ಲಾ ಸ್ವಾಮಿಗಳೂ ರೀಲ್ಸ್ ಮಾಡ್ತಾರೆ, ನೀವೂ ಮಾಡಿ" ಅಂದಾಗ ಹಿಂದೆಮುಂದೆ ನೋಡದೆ ಕೈ ಚಾಚಿಬಿಟ್ಟರು. ಆಗ ನಡೆಯುತ್ತಿದ್ದದ್ದು ರಾಹುಕಾಲ.

ಮಾರನೆಯ ದಿನದಿಂದಲೇ ಅಯ್ಯನವರು ಪಡಸಾಲೆಯಲ್ಲಿ ಕೂತು, ತಾಮ್ರದ ಚೊಂಬಿಗೆ ಫೋನು ಒರಗಿಸಿ, ದಿನಕ್ಕೊಂದು ನಿಮಿಷದ ಉಪದೇಶ ಶುರು ಮಾಡಿದರು. ಹೇಳುತ್ತಿದ್ದದ್ದು ಬಹಳ ಗಹನವಾದದ್ದೇನಲ್ಲ. "ಅತ್ತೇನ ಅಮ್ಮ ಅಂತ ಕರೀರಿ, ಕರೆಯೋಕೆ ದುಡ್ಡು ಬೀಳಲ್ಲ" ಅಂತ ಒಂದು ದಿನ. "ಊಟ ಮಾಡುವಾಗ ಫೋನ್ ನೋಡಬೇಡಿ" ಅಂತ ಇನ್ನೊಂದು ದಿನ. ಇದನ್ನು ಜನ ಊಟ ಮಾಡುತ್ತ ಫೋನಿನಲ್ಲಿ ನೋಡಿ, ಎಡಗೈಯಲ್ಲೇ ನಮಸ್ಕಾರದ ಗುರುತು ಒತ್ತಿದರು. 'ಗುಬ್ಬಿ ಅಯ್ಯನೋರು' ಎಂಬ ಆ ಅಕೌಂಟಿಗೆ ತಿಂಗಳೊಪ್ಪತ್ತಿನಲ್ಲಿ ಊರಿನ ಜನಸಂಖ್ಯೆಗಿಂತ ಹೆಚ್ಚು ಭಕ್ತರು ಸೇರಿಕೊಂಡರು.

ಇದಕ್ಕೆ ಉಪದೇಶ ಮಾತ್ರ ಕಾರಣವಲ್ಲ. ಫೋನು ಮಾರಿದ ಆ ಕಾಲೇಜು ಹುಡುಗಿ, ಮುಖವನ್ನು ಚೆಂದ ಮಾಡಿ ತೋರಿಸುವ ಫಿಲ್ಟರನ್ನು ಕ್ಯಾಮೆರಾದಲ್ಲಿ ಹಾಗೇ ಆನ್ ಮಾಡಿ ಬಿಟ್ಟಿದ್ದಳು. ಐವತ್ತು ದಾಟಿ ಬಹಳ ಮುಂದೆ ಬಂದಿದ್ದ ಅಡವೀಶಯ್ಯನವರ ಕಣ್ಣ ಕೆಳಗಿನ ಚೀಲಗಳು, ವಿಭೂತಿಯ ಪಟ್ಟೆಗಳಿಗೆ ಸಮನಾಗಿ ಹಣೆಯ ಮೇಲೆ ಮೂಡಿದ್ದ ಗೆರೆಗಳು, ಕರಿಗಿಂತ ಬಿಳಿಯೇ ಜಾಸ್ತಿಯಾಗಿದ್ದ ಗಡ್ಡ, ಎಲ್ಲವೂ ಅದರಲ್ಲಿ ಮಾಯವಾಗಿ, ನುಣುಪು ಕೆನ್ನೆಯ, ಕಪ್ಪು ಗಡ್ಡದ, ತುಟಿ ತುಸು ಕೆಂಪಗಿರುವ ಒಬ್ಬ ತರುಣ ಕಾಣುತ್ತಿದ್ದ. ಅಯ್ಯನವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ತಾವು ಹೀಗೇ ಇರಬಹುದೆಂಬ ಗುಮಾನಿ ಅವರಿಗೆ ಮೊದಲಿನಿಂದಲೂ ಇತ್ತು. ಬಚ್ಚಲುಮನೆಯ ಕನ್ನಡಿ ಸರಿಯಿಲ್ಲ ಅಂತ ಅವರು ವರ್ಷಗಳಿಂದ ಹೇಳುತ್ತಲೇ ಬಂದಿದ್ದರು.

ಹೆಂಡತಿ ಕಲ್ಲಮ್ಮ ಒಂದು ಸಲ ನೋಡಿದ್ದರೂ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆಕೆ, "ದಿನಾ ಎದುರಿಗೆ ಕೂತು ಮುದ್ದೆ ಮುರಿಯೋ ಮುಖ, ಅದನ್ನ ಫೋನಲ್ಲಿ ಬೇರೆ ನೋಡ್ಬೇಕಾ?" ಅಂತ ಅತ್ತ ತಿರುಗಿಯೂ ನೋಡಿರಲಿಲ್ಲ.

ಒಂದು ಶನಿವಾರ ಅಯ್ಯನವರು ಮಾಸಿದ ಬನಿಯನ್ನಿನಲ್ಲಿ, ಪಂಚೆ ಎತ್ತಿ ಕಟ್ಟಿಕೊಂಡು ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದಾಗ ಮನೆಯ ಮುಂದೆ ಒಂದು ಕಾರು ನಿಂತಿತು. ಅಂತರಸನಹಳ್ಳಿಯಲ್ಲಿ ಲೇತ್ ವರ್ಕ್‌ಶಾಪ್ ನಡೆಸುವ ಕಿರಣ್‌ಕುಮಾರ್, ತಾಯಿಯನ್ನು ಕರೆದುಕೊಂಡು, ಕೈತುಂಬ ಹಣ್ಣು ಹಿಡಿದು ಇಳಿದ.

"ಅಯ್ನೋರು ಮನೇಲಿದಾರಾ?"

"ಬನ್ನಿ ಬನ್ನಿ, ನಾನೇ."

"ನೀವಲ್ಲ ಯಜಮಾನ್ರೇ. ಫೋನಲ್ಲಿ ಬರ್ತಾರಲ್ಲ, ಅವ್ರು. ಚಿಕ್ಕೋರು." ಕಿರಣ್‌ಕುಮಾರ್ ತನ್ನ ಫೋನನ್ನು ಅಯ್ಯನವರ ಮೂಗಿನ ಹತ್ತಿರ ಹಿಡಿದ.

ಅಯ್ಯನವರು ಬಾಯಿ ತೆರೆಯುವಷ್ಟರಲ್ಲಿ ಮುದುಕಮ್ಮ ಮಗನನ್ನು ಗದರಿಸಿದರು. "ಅಷ್ಟೂ ಗೊತ್ತಾಗಲ್ವೇನೋ ಕಿರಣ? ಕಿವಿ ನೋಡು, ಅವೇ ಕಿವಿ. ನೀವು ಅವ್ರ ತಂದೆಯೋರು ಅಲ್ವಾ ಬುದ್ಧಿ?" ಎಂದು ಕಾಲಿಗೆ ಎರಗಿಯೇಬಿಟ್ಟರು.

ಒಬ್ಬ ಮನುಷ್ಯ ತನಗೆ ತಾನೇ ತಂದೆಯಾಗುವ ಪ್ರಸಂಗ ಯಾವ ಶಾಸ್ತ್ರದಲ್ಲೂ ಬಂದಿಲ್ಲ. ಅಯ್ಯನವರಿಗೆ ನೆತ್ತಿಗೇರಿತು. ತಮಗೆ ಅಷ್ಟು ವಯಸ್ಸಾಗಿಲ್ಲವೆಂದು ಸ್ಥಾಪಿಸುವ ಆತುರದಲ್ಲಿ ಅವರು ಸತ್ಯವನ್ನು ದಾಟಿ ಸ್ವಲ್ಪ ಮುಂದಕ್ಕೆ ಹೋಗಿಬಿಟ್ಟರು.

"ತಂದೆ ಅಲ್ಲಮ್ಮ," ಎಂದರು ಖಡಕ್ಕಾಗಿ. "ಅಣ್ಣ."

"ಹೌದಾ? ತಮ್ಮೋರ ಹೆಸರೇನು?"

ಗೋಡೆಯ ಮೇಲೆ ಕೊಬ್ಬರಿ ಮಂಡಿಯವರು ಕೊಟ್ಟಿದ್ದ ಕ್ಯಾಲೆಂಡರ್ ತೂಗುತ್ತಿತ್ತು. ಮಂಡಿಯ ಹೆಸರಿನ ಮೊದಲರ್ಧ ಅಯ್ಯನವರ ಕಣ್ಣಿಗೆ ಬಿತ್ತು. "ಮರುಳಯ್ಯ."

"ಈಗೆಲ್ಲಿದಾರೆ?"

"ಕಡಬದ ಕಡೆ. ಅನುಷ್ಠಾನದಲ್ಲಿದಾನೆ. ಸಿಗಲ್ಲ."

ತಾಯಿ ಮಗ ಭಕ್ತಿಯಿಂದ ಕಡಬದ ದಿಕ್ಕಿಗೆ ಕೈಮುಗಿದು, ಹಣ್ಣನ್ನು ಚಿಕ್ಕಯ್ಯನವರಿಗೆ ತಲುಪಿಸಬೇಕೆಂದು ಹೇಳಿ ಹೊರಟುಹೋದರು. ತಮ್ಮನ ಬಾಳೆಹಣ್ಣನ್ನು ಅಣ್ಣ ಒಂದೊಂದಾಗಿ ಸುಲಿದು ತಿಂದರು.

ಆಮೇಲೆ ಒಳಗೆ ಹೋಗಿ ಹೆಂಡತಿಯ ಮುಂದೆ ಫೋನು ಹಿಡಿದರು. ಕಲ್ಲಮ್ಮ ಸೆರಗಿನಲ್ಲಿ ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರು.

"ಯಾರ್ರೀ ಇದು? ಲಕ್ಷಣವಾಗವ್ರೆ."

"ನಾನು ಕಣೇ!"

ಕಲ್ಲಮ್ಮ ಒಮ್ಮೆ ಫೋನು ನೋಡಿದರು, ಒಮ್ಮೆ ಗಂಡನನ್ನು ನೋಡಿದರು. ನಗು ಶುರುವಾದದ್ದು ನಿಲ್ಲಲಿಲ್ಲ. ಒಲೆಯ ಕಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟರು. ತಮ್ಮ ಗುರುಪ್ರಕಾಶನಿಗೆ ಫೋನು ಹಚ್ಚಿದಾಗ ಅವನು ಅಲ್ಲಿಂದಲೇ ಕಾರಣ ವಿವರಿಸಿದ. "ಅದು ಫಿಲ್ಟರ್ ಕಣಕ್ಕ. ಭಾವಂಗೆ ಕೊಡು. ಭಾವ, ಹೆಂಗೆ ಆಫ್ ಮಾಡೋದು ಹೇಳ್ಲಾ?"

ಅಡವೀಶಯ್ಯನವರು ಬಹಳ ಹೊತ್ತು ಯೋಚಿಸಿದರು. "ಈಗ್ಲೇ ಬೇಡ ಬುಡು," ಎಂದರು. "ಶ್ರಾವಣ ಕಳೀಲಿ."

ಮರುಳಯ್ಯ ಅಲ್ಲಿಗೇ ಉಳಿದಿದ್ದರೆ ಪರವಾಗಿರಲಿಲ್ಲ. ಆದರೆ ಕಿರಣ್‌ಕುಮಾರನ ತಾಯಿ ಹೋಗುವಾಗ ಪಕ್ಕದ ಮನೆಯ ಶಕುಂತಲಮ್ಮನವರನ್ನು ಮಾತಾಡಿಸಿದ್ದರು. ಶಕುಂತಲಮ್ಮ ಮದುವೆಯಾಗಿ ಬಂದಾಗಿನಿಂದ ಅದೇ ಮನೆಯಲ್ಲಿದ್ದವರು. ಪಕ್ಕದ ಮನೆಯ ಸಮಾಚಾರ ತನಗೆ ಗೊತ್ತಿಲ್ಲವೆಂದು ಪರಸ್ಥಳದವರ ಮುಂದೆ ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ. "ಮರುಳಯ್ಯ ತಾನೇ? ಗೊತ್ತಿಲ್ದೇ ಏನು? ಎತ್ತಿ ಆಡ್ಸಿದೀನಿ. ಹಾಲು ಅಂದ್ರೆ ಉಗೀತಿದ್ದ, ಮಜ್ಜಿಗೆ ಆದ್ರೆ ಲೋಟಗಟ್ಟಲೆ!" ಎಂದಿದ್ದರು.

ಮರುಳಯ್ಯನ ಬಾಲ್ಯ ಹೀಗೆ ಬೀದಿಯಲ್ಲಿ ಬೆಳೆಯತೊಡಗಿತು. ನಿವೃತ್ತ ಪೋಸ್ಟ್‌ಮನ್ ವೆಂಕಟರಂಗಯ್ಯನವರು ಆ ಹೆಸರಿಗೆ ಎಷ್ಟೋ ಕಾಗದ ಕೊಟ್ಟದ್ದಾಗಿ ನೆನೆಸಿಕೊಂಡರು. "ಅಕ್ಷರ ಬಲು ದುಂಡಗೆ" ಎಂದೂ ಸೇರಿಸಿದರು. ಮರುಳಯ್ಯನಿಗೆ ಕಾಗದ ಬಂದರೆ ಅದರ ಅಕ್ಷರ ಅವನದು ಹೇಗಾದೀತು ಅಂತ ಯಾರೂ ಕೇಳಲಿಲ್ಲ.

ಕಲ್ಲಮ್ಮನವರಿಗಂತೂ ಹೊಸ ಮೈದುನನಿಂದ ಬಹಳ ಅನುಕೂಲವಾಯಿತು. "ರೀ, ನೀವು ದೊಡ್ಡೋರು, ಕೂತ್ಕೊಳ್ಳಿ. ಸಂತೆಗೆ ನನ್ನ ಮೈದುನ ಹೋಗಿ ಬರ್ಲಿ" ಅನ್ನುತ್ತ ಚೀಲವನ್ನು ಗಂಡನ ಕೈಗೇ ಕೊಡುತ್ತಿದ್ದರು.

ಅಯ್ಯನವರ ಕಷ್ಟ ಅದಲ್ಲ. ಪೂಜೆಗೆ ಕರೆಯಲು ಬಂದವರೆಲ್ಲ, "ಚಿಕ್ಕಯ್ನೋರು ಬರಲ್ವಾ?" ಅಂತ ಕೇಳಿ, ಮುಖ ಸಣ್ಣ ಮಾಡಿಕೊಂಡು, "ಹೋಗ್ಲಿ, ನೀವಾದ್ರೂ ಬನ್ನಿ" ಅನ್ನತೊಡಗಿದರು. ವರ್ಷಗಟ್ಟಲೆ ತಾವೇ ಮಂತ್ರ ಹೇಳಿದ ಮನೆಗಳಲ್ಲಿ ಅಯ್ಯನವರು ಈಗ 'ಆದ್ರೂ' ಆದರು. ಹುಟ್ಟದೇ ಇರುವ ತಮ್ಮನ ಮೇಲೆ ಅವರಿಗೆ ನಿಜವಾಗಿಯೂ ಹೊಟ್ಟೆಕಿಚ್ಚು ಹುಟ್ಟಿತು.

ಹೀಗಿರುವಾಗ ಕುಣಿಗಲ್‌ನಿಂದ ಗುರುಶಾಂತಯ್ಯ ಎಂಬುವವರು ಹೂವು, ಹಣ್ಣು, ಜಾತಕ ಸಮೇತ ಬಂದಿಳಿದರು. ಅವರೂ ಪೂಜೆ ಮಾಡಿಸುವ ಅಯ್ಯನವರ ಪೈಕಿಯೇ.

"ನಿಮ್ಮ ತಮ್ಮನ ಉಪದೇಶ ಕೇಳ್ದೆ ನಾನು ಕಾಫಿ ಕುಡಿಯಲ್ಲ ಸ್ವಾಮಿ. ಏನು ತೇಜಸ್ಸು! ನನ್ನ ಮಗಳು ಮಧುಶ್ರೀ, ಕಾಲೇಜಲ್ಲಿ ಪಾಠ ಹೇಳ್ತಾಳೆ. ನಿಮ್ಮ ತಮ್ಮಂಗೆ ಕೊಡೋಣ ಅಂತ." ಆಮೇಲೆ ಕಲ್ಲಮ್ಮನ ಕಡೆ ತಿರುಗಿ, "ಅತ್ತಿಗೆ ಅಂದ್ರೆ ತಾಯಿ ಸಮಾನ. ನೀವು ಹೇಳಿ ತಾಯಿ, ಹುಡ್ಗನ ಗುಣ ಹೆಂಗೆ?"

ಕಲ್ಲಮ್ಮ ಗಂಡನನ್ನೇ ನೋಡುತ್ತ ಹೇಳಿದರು: "ನಮ್ಮೆಜಮಾನ್ರಷ್ಟೇ ಸತ್ಯವಂತ. ಅದಕ್ಕಿಂತ ಹೆಚ್ಚು ಹೇಳೋಕಾಗಲ್ಲ."

ಒಂದು ಲೋಟ ಸಕ್ಕರೆ ಸಾಲ ಕೇಳುವ ನೆಪದಲ್ಲಿ ಅಷ್ಟರಲ್ಲೇ ಒಳಗೆ ಬಂದಿದ್ದ ಶಕುಂತಲಮ್ಮ, "ಕಣ್ಮುಚ್ಕೊಂಡು ಕೊಡಿ. ನನ್ನ ಕೈಯಲ್ಲೇ ಬೆಳೆದ ಹುಡುಗ" ಅಂದರು.

"ಅವನ ಮನಸ್ಸು ಕೇಳ್ಬೇಕು" ಎಂದು ಅಡವೀಶಯ್ಯನವರು ಹೇಗೋ ಮಾತು ತೇಲಿಸಿದರು. ಅವತ್ತು ಅವರು ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆದ್ದರು.

ಎರಡು ಮೂರು ದಿನ ಕಳೆದು ಆ ಹುಡುಗಿ ಮಧುಶ್ರೀಯೇ ಬಸ್ಸು ಹತ್ತಿ ಗುಬ್ಬಿಗೆ ಬಂದಳು. ಪಡಸಾಲೆಯ ಅಂಚಿನಲ್ಲಿ ಕೂತವಳು ಕಾಫಿ ಲೋಟವನ್ನು ಮುಟ್ಟಲಿಲ್ಲ.

"ಅಯ್ನೋರೆ, ನಿಮ್ಮ ತಮ್ಮನ ಹತ್ರ ಒಂದು ಮಾತು ಹೇಳ್ಬೇಕು, ನೀವೇ ಹೇಳಿ. ಕಡಬದಲ್ಲಿ ಚನ್ನೇಶ್ ಅಂತ ಇದಾರೆ. ಕರೆಂಟ್ ಆಫೀಸಲ್ಲಿ ಲೈನ್‌ಮನ್. ನಮ್ಮೋರೇ. ಅಪ್ಪ ಹೂಂ ಅಂದಿದ್ರು. ಅಷ್ಟರಲ್ಲಿ ನಿಮ್ಮ ತಮ್ಮನ ವಿಡಿಯೋ ನೋಡಿದ್ರು. ಈಗ ಚನ್ನೇಶನ ಮುಖದಲ್ಲಿ ತೇಜಸ್ಸಿಲ್ಲ ಅಂತಾರೆ. ದಿನಾ ಬಿಸಿಲಲ್ಲಿ ಕಂಬ ಹತ್ತೋರಿಗೆ ತೇಜಸ್ಸು ಎಲ್ಲಿಂದ ಬರುತ್ತೆ?" ಅವಳ ಕಣ್ಣು ತುಂಬಿತು. "ನಿಮ್ಮ ತಮ್ಮನೇ ಬೇಡ ಅಂದುಬಿಟ್ರೆ ನಾನು ಬದುಕ್ಕೊತೀನಿ."

ಅಡವೀಶಯ್ಯನವರು ಲೋಟವನ್ನು ಅವಳ ಹತ್ತಿರ ಸರಿಸಿದರು. ನಿಜ ಹೇಳುವುದಕ್ಕೆ ಅದೇ ಸರಿಯಾದ ಗಳಿಗೆ. ಆದರೆ ಹುಡುಗಿಯ ಮುಂದೆ ತಮ್ಮ ಕೆನ್ನೆಯ ವಿಚಾರ ಎತ್ತುವುದಕ್ಕೆ ನಾಲಿಗೆ ಏಳಲಿಲ್ಲ. "ಹೇಳ್ತೀನಿ ಕಣಮ್ಮ, ಅವನು ನನ್ನ ಮಾತು ಮೀರಲ್ಲ" ಎಂದು ಅಭಯ ಕೊಟ್ಟು ಕಳಿಸಿದರು.

ಅಂದೇ ಚೊಂಬಿಗೆ ಫೋನು ಒರಗಿಸಿ, ಮರುಳಯ್ಯನ ಬಾಯಿಂದ ಘೋಷಣೆ ಮಾಡಿಸಿದರು: "ನಾನು ಸಂಸಾರಕ್ಕೆ ಬೀಳೋನಲ್ಲ. ವಿರಕ್ತನಾಗೇ ಉಳೀತೀನಿ. ಯಾರೂ ಹೆಣ್ಣು ತಗೊಂಡು ಬರ್ಬೇಡಿ." ಅಡುಗೆಮನೆಯಿಂದ ಕಲ್ಲಮ್ಮ, "ಮದುವೆಗೆ ಮುಂಚೆನೇ ಈ ಬುದ್ಧಿ ಬಂದಿದ್ರೆ ನಾನೂ ಬದುಕ್ಕೊತಿದ್ದೆ" ಎಂದದ್ದು ಅದೃಷ್ಟವಶಾತ್ ರೆಕಾರ್ಡ್ ಆಗಲಿಲ್ಲ.

ಆ ವಿಡಿಯೋ ಜಿಲ್ಲೆಯನ್ನೆಲ್ಲ ಸುತ್ತಿತು. ಮಾರನೆಯ ಬೆಳಿಗ್ಗೆ ಬೆಳ್ಳಾವಿ ಕಡೆಯಿಂದ ಒಂದು ಟೆಂಪೋ ತುಂಬ ಯಜಮಾನರು ಬಂದಿಳಿದರು. ಅಲ್ಲಿ ಒಂದು ಸಣ್ಣ ಮಠ, ಸ್ವಾಮಿಗಳಿಲ್ಲದೆ ಬಹಳ ಕಾಲದಿಂದ ಬೀಗ ಹಾಕಿತ್ತು. ಸಮಿತಿಯ ಮುಖ್ಯಸ್ಥ ರೇಣುಕಪ್ಪ ಮಾತಿಗೆ ಪೀಠಿಕೆಯನ್ನೇ ಹಾಕಲಿಲ್ಲ.

"ಬುದ್ಧಿ, ವಯಸ್ಸಿನ ಹುಡ್ಗ, ಬಂದ ಹೆಣ್ಣನ್ನ ಬ್ಯಾಡ ಅಂದವ್ರೆ. ಇಂಥೋರು ಎಲ್ಲಿ ಸಿಕ್ತಾರೆ? ಪಟ್ಟ ಕಟ್ಬುಡ್ತೀವಿ. ಬರೋ ಸೋಮವಾರ ಇಟ್ಕೊಂಡಿದೀವಿ. ಊಟಕ್ಕೆ ಪಾಯಸ ಮಾಡ್ಲಾ, ಬೂಂದಿ ಮಾಡ್ಲಾ, ಅದೊಂದ್ ಹೇಳಿ."

"ಅವನು ಅನುಷ್ಠಾನದಲ್ಲಿದಾನೆ, ಸಿಗಲ್ಲ."

"ಆಗ್ಲೇ ಕಡಬಕ್ಕೆ ಜನ ಕಳ್ಸಿದ್ವಿ. ಕೆರೆ ಏರಿ ಮೇಲೆ ನಡ್ಕೊಂಡು ಹೋಗ್ತಿದ್ದಿದ್ದನ್ನ ಕಣ್ಣಾರೆ ನೋಡ್ದೋರು ಅವ್ರೆ. ನೀವು ಚಿಂತೆ ಬುಡಿ."

ಅಡವೀಶಯ್ಯನವರಿಗೆ ಒಂದು ಕ್ಷಣ ನಿಜವಾಗಿಯೂ ತಮಗೊಬ್ಬ ತಮ್ಮ ಇರಬಹುದೇ ಎಂಬ ಅನುಮಾನ ಬಂತು.

ಮಧ್ಯಾಹ್ನ ಮಧುಶ್ರೀಯ ಫೋನು ಬಂತು. "ಅಯ್ನೋರೆ, ನಿಮ್ಮ ತಮ್ಮ ಒಳ್ಳೇದು ಮಾಡೋಕೆ ಹೋಗಿ ಪೂರ್ತಿ ಕೆಡಿಸಿದ್ರು. ಇಂಥ ವೈರಾಗ್ಯದ ಅಳಿಯನೇ ಬೇಕು ಅಂತ ಅಪ್ಪ ಹಟ ಹಿಡ್ದವ್ರೆ. ಪಟ್ಟ ಆಗೋಕೆ ಮುಂಚೆ ಅವ್ರ ಮನಸ್ಸು ತಿರುಗಿಸ್ತೀನಿ ಅಂತ ಗುಬ್ಬಿ ಬಸ್ ಹತ್ತಿದಾರೆ."

ಅವಳ ಫೋನು ಇಡುವ ಮೊದಲೇ ಇನ್ನೊಂದು. ಫ್ಲೆಕ್ಸ್ ಅಂಗಡಿಯ ನೂರ್ ಅಹಮದ್.

"ಅಯ್ನೋರೆ, ರೇಣುಕಪ್ಪೋರು ಇಪ್ಪತ್ತಡಿ ಫ್ಲೆಕ್ಸ್ ಹೇಳವ್ರೆ. ತಮ್ಮೋರ ಫೋಟೋ ಅಷ್ಟು ದೊಡ್ಡದು ಮಾಡಿದ್ರೆ ಮೂಗೇ ಇಲ್ಲ ನೋಡಿ! ಎರಡು ಕಣ್ಣು, ಕೆಳಗೆ ಸೀದಾ ತುಟಿ. ಒರಿಜಿನಲ್ ಇದ್ರೆ ಕಳ್ಸಿ."

ಅಡವೀಶಯ್ಯನವರು ಒಂದು ನಿಟ್ಟುಸಿರು ಬಿಟ್ಟರು. "ಒರಿಜಿನಲ್ ಬರ್ತಾ ಐತೆ. ಪ್ರಿಂಟ್ ಹೊಡೀಬೇಡಿ" ಎಂದು ಅಂಗಿ ಹಾಕಿಕೊಂಡು ಹೊರಟರು.

ಬಸ್‌ಸ್ಟ್ಯಾಂಡ್ ಪಕ್ಕದ ಆ ಅಂಗಡಿ ತಲುಪಿದಾಗ ಒಳಗೆ ದೊಡ್ಡ ಜಗಳವೇ ನಡೆದಿತ್ತು. ಬಸ್ಸಿಳಿದ ಗುರುಶಾಂತಯ್ಯ, ಕಂಪ್ಯೂಟರಿನ ಪರದೆಯಲ್ಲಿ ತಮ್ಮ ಭಾವೀ ಅಳಿಯನ ಮುಖ ಕಂಡು ಒಳನುಗ್ಗಿದ್ದರು. ಅಲ್ಲಿ ರೇಣುಕಪ್ಪ ಕೂತಿದ್ದರು.

"ಅವ್ರು ನಮ್ಮ ಗುರುಗಳು ಕಣ್ರೀ!"

"ನಾನು ಜಾತಕ ಕೊಟ್ಟು ಬಂದಿದೀನಿ, ಅವ್ರು ನನ್ನ ಅಳಿಯ!"

"ನೋಡಿ, ಯಾವ್ದಾದ್ರೂ ಒಂದು ಫೈನಲ್ ಮಾಡಿ," ನೂರ್ ಅಹಮದ್ ಕೀಬೋರ್ಡ್ ಮೇಲೆ ಕೈಯಿಟ್ಟುಕೊಂಡು ಬೇಡುತ್ತಿದ್ದ. "ಮದುವೆ ಫ್ಲೆಕ್ಸ್ ಆದ್ರೆ ಬಾರ್ಡರ್ ಬೇರೆ, ಪಟ್ಟದ್ದಾದ್ರೆ ಬೇರೆ."

"ಎರಡೂ ಬೇಡ" ಎಂದರು ಅಡವೀಶಯ್ಯ ಬಾಗಿಲಲ್ಲೇ ನಿಂತು. "ನನ್ನ ತಮ್ಮ ಇಲ್ಲ."

"ಎಲ್ಲಿಗೋದ್ರು?"

"ಎಲ್ಲಿಗೂ ಹೋಗಿಲ್ಲ. ಹುಟ್ಟೇ ಇಲ್ಲ."

ಇಬ್ಬರಿಗೂ ಅರ್ಥವಾಗಲಿಲ್ಲ. ಅಯ್ಯನವರು ಜೇಬಿನಿಂದ ಫೋನು ತೆಗೆದು ಮುಖದ ಮುಂದೆ ಹಿಡಿದು, "ಹಿಂದೆ ಬಂದು ನಿಂತು ನೋಡಿ" ಎಂದರು. ಪರದೆಯಲ್ಲಿ ನಡುವೆ ಮರುಳಯ್ಯ ನಿಂತಿದ್ದ. ಅಕ್ಕಪಕ್ಕ ಇನ್ನಿಬ್ಬರು ಕಪ್ಪುಗೂದಲಿನ ತರುಣರು ಕತ್ತು ಚಾಚಿ ಇಣುಕುತ್ತಿದ್ದರು.

"ಇದ್ಯಾರು ಎಡಗಡೆ?" ಗುರುಶಾಂತಯ್ಯ ಕೇಳಿದರು.

"ನೀವೇ."

ಗುರುಶಾಂತಯ್ಯ ಮೆಲ್ಲಗೆ ತಮ್ಮ ಕೆನ್ನೆ ಮುಟ್ಟಿಕೊಂಡರು. ಪರದೆಯ ತರುಣನೂ ಮುಟ್ಟಿಕೊಂಡ.

"ಮದುವೆ ದಿನ ನಾನು ಹಿಂಗೇ ಇದ್ದೆ," ಎಂದರು, ಕೆನ್ನೆಯಿಂದ ಕೈ ತೆಗೆಯದೆ.

"ಸ್ವಲ್ಪ ಸರೀರಿ, ನಾನೆಲ್ಲಿದೀನಿ ನೋಡ್ತೀನಿ" ಎಂದು ರೇಣುಕಪ್ಪ ಅವರನ್ನು ತಳ್ಳಿದರು. ಬಹಳ ಹೊತ್ತು ಹಿಂದೆಮುಂದೆ ತಿರುಗಿ ನೋಡಿಕೊಂಡ ಮೇಲೆ ಅವರಿಗೆ ಸಿಟ್ಟು ಬರಬೇಕೆಂಬುದು ನೆನಪಾಯಿತು. "ಅಲ್ಲಾ ಬುದ್ಧಿ, ಇಂಥಾ ಕೆಲಸ ಮಾಡ್ಬೋದಾ? ಊರಿಗೆಲ್ಲಾ ಊಟ ಹೇಳಿದೀವಲ್ಲ!"

"ತಪ್ಪಾಯ್ತು ರೇಣುಕಪ್ಪೋರೆ. ನನಗೆ ನಾನೇ ತಂದೆ ಅಂದ್ಬುಟ್ರು. ತಡ್ಕೊಳ್ಳೋಕಾಗ್ಲಿಲ್ಲ." ಅಡವೀಶಯ್ಯನವರು ಕೈಮುಗಿದರು. ಆಮೇಲೆ ಗುರುಶಾಂತಯ್ಯನವರ ಕಡೆ ತಿರುಗಿದರು. "ನಿಮಗೆ ಇನ್ನೂ ದೊಡ್ಡ ತಪ್ಪು ಮಾಡಿದೀನಿ. ಇಲ್ಲದ ಹುಡ್ಗನ್ನ ತೋರ್ಸಿ, ಇರೋ ಹುಡ್ಗನ್ನ ತಪ್ಪಿಸ್ದೆ. ಚನ್ನೇಶ ಬಿಸಿಲಲ್ಲಿ ಕಪ್ಪಾಗಿರೋ ಮುಖಾನ ಹಂಗೇ ಹೊತ್ಕೊಂಡು ನಿಮ್ಮ ಬಾಗಿಲಿಗೆ ಬಂದಿದ್ದ. ಆ ಧೈರ್ಯ ನನಗೆ ಬರ್ಲಿಲ್ಲ. ಅವನಿಗೇ ಕೊಡಿ."

ಗುರುಶಾಂತಯ್ಯನವರ ಕಣ್ಣು ಫೋನಿನ ಮೇಲೇ ಇತ್ತು. "ಮಧು ನಿಮ್ಮ ಹತ್ರ ಬಂದಿದ್ಲಾ?" ಎಂದರು. ಅಯ್ಯನವರು ತಲೆಯಾಡಿಸಿದರು. ಪರದೆಯ ತರುಣ ಸ್ವಲ್ಪ ಹೊತ್ತು ಮಂಕಾದ. "ನನಗೂ ಹೆಣ್ಣು ಕೊಡೋಕೆ ನಮ್ಮ ಮಾವ ಮೂರು ವರ್ಷ ಸತಾಯ್ಸಿದ್ರು. ಆಯ್ತು ಬುಡಿ. ಚನ್ನೇಶನಿಗೇ ಹೇಳ್ಕಳಿಸ್ತೀನಿ."

ಇದು ಅಯ್ಯನವರ ಮಾತಿನ ಬಲವೋ, ಫೋನಿನ ಬಲವೋ ಹೇಳುವುದು ಕಷ್ಟ. ಸೋಮವಾರದ ಊಟ ಸುಮ್ಮನೆ ಹೋಗಬಾರದೆಂದು ರೇಣುಕಪ್ಪನವರು ಅದನ್ನು ಮಠದ ಬೀಗ ತೆಗೆಯುವ ಸಮಾರಂಭ ಮಾಡಿದರು. ಫ್ಲೆಕ್ಸ್ ಮೇಲೆ ಸಮಿತಿಯವರ ಫೋಟೋಗಳೇ ಬಂದವು. ಅಷ್ಟೊಂದು ಎಳೆಯ ಸಮಿತಿಯನ್ನು ಬೆಳ್ಳಾವಿ ಹಿಂದೆಂದೂ ಕಂಡಿರಲಿಲ್ಲ.

ಅಡವೀಶಯ್ಯನವರು ಫಿಲ್ಟರ್ ಆಫ್ ಮಾಡಿಸಿ, ಇದ್ದದ್ದನ್ನು ಇದ್ದಂತೆ ಹೇಳಿ ಒಂದು ವಿಡಿಯೋ ಹಾಕಿದರು. 'ಯಾರೋ ಮುದುಕ ನಮ್ಮ ಅಯ್ಯನೋರ ಅಕೌಂಟ್ ಹ್ಯಾಕ್ ಮಾಡಿದಾನೆ, ಪೊಲೀಸರಿಗೆ ತಿಳಿಸಿ' ಅಂತ ಕೆಳಗೆ ಸಾಲುಸಾಲು ಕಾಮೆಂಟು ಬಿದ್ದವು. ಶಕುಂತಲಮ್ಮನಂತೂ ಮಾತೇ ಬಿಟ್ಟರು. ಆಸ್ತಿಯಲ್ಲಿ ಪಾಲು ಕೊಡಬೇಕಾಗುತ್ತೆ ಅಂತ ಒಡಹುಟ್ಟಿದ ತಮ್ಮನನ್ನೇ ಇಲ್ಲ ಅನ್ನುವಂಥವರ ಮನೆಯಲ್ಲಿ ಅವರು ಇನ್ನು ಸಕ್ಕರೆ ಕೇಳುವುದಿಲ್ಲವಂತೆ.

ಕಾರ್ತಿಕ ಮುಗಿದ ಮೇಲೆ ಕುಣಿಗಲ್‌ನ ಛತ್ರವೊಂದರಲ್ಲಿ ಮಧುಶ್ರೀಗೂ ಚನ್ನೇಶನಿಗೂ ಮದುವೆಯಾಯಿತು. ಬೇರೆ ಅಯ್ಯನವರು ಬೇಡವೆಂದು ಹುಡುಗಿಯೇ ಹಟ ಮಾಡಿದ್ದರಿಂದ ಅಡವೀಶಯ್ಯನವರೇ ಮಂತ್ರ ಹೇಳಿದರು. ಕಣ್ಣ ಕೆಳಗಿನ ಚೀಲ, ಗೆರೆಯ ಹಣೆ, ಬಿಳಿಗಡ್ಡ, ಎಲ್ಲವನ್ನೂ ಹೊತ್ತುಕೊಂಡೇ ಹೇಳಿದರು. ಯಾರೂ ಅವರ ಜೊತೆ ಸೆಲ್ಫಿ ಕೇಳಲಿಲ್ಲ. ಕಲ್ಲಮ್ಮ ಮಾತ್ರ ಹೆಂಗಸರ ಸಾಲಿನಲ್ಲಿ ಕೂತು, ಮಾಂಗಲ್ಯಧಾರಣೆ ಆಗುವವರೆಗೂ ಮದುಮಕ್ಕಳ ಕಡೆಗಿಂತ ಗಂಡನ ಕಡೆಗೇ ಹೆಚ್ಚು ನೋಡಿದರು.

ಅಕ್ಷತೆ ಹಾಕಲು ಬಂದ ಚನ್ನೇಶನ ಅಜ್ಜಿ ಹಸೆಯ ಮೇಲಿದ್ದ ಮೊಮ್ಮಗನ ಭುಜ ಹಿಡಿದುಕೊಂಡರು. ಅಯ್ಯನವರ ಎದುರು ನಿಂತದ್ದೇ ಅವರ ಮುಖ ಅರಳಿತು.

"ಅಯ್ಯೋ ನಮ್ಮಪ್ಪ, ಫೋನಲ್ಲಿ ಬರ್ತಾರಲ್ಲ, ಆ ಚಿಕ್ಕಯ್ನೋರಲ್ವಾ ಇವ್ರು! ಒಂದ್ ಚೂರೂ ಬ್ಯಾರೆ ಇಲ್ಲ ನೋಡ್ಲಾ ಚನ್ನೇಶ, ಹಂಗೇ ಅವ್ರೆ. ಎಷ್ಟು ಸಣ್ಣ ವಯಸ್ಸು!"

ಅಡವೀಶಯ್ಯನವರ ಕೈಯಲ್ಲಿದ್ದ ಹೂವು ಹಾಗೇ ನಿಂತಿತು. ಚನ್ನೇಶ ಮುಜುಗರದಿಂದ ಅವರ ಕಿವಿಯ ಹತ್ತಿರ ಬಗ್ಗಿದ. "ತಪ್ಪು ತಿಳ್ಕೋಬೇಡಿ ಅಯ್ನೋರೆ. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದೈತೆ. ಮುಂದಿನ ವಾರ ತುಮಕೂರಲ್ಲಿ ಆಪರೇಷನ್."

ಅಯ್ಯನವರು ಹೂವನ್ನು ತಟ್ಟೆಯಲ್ಲಿಟ್ಟರು. ಆಮೇಲೆ ಮುದುಕಿಯ ಎರಡೂ ಕೈ ಹಿಡಿದುಕೊಂಡರು.

"ಮಾಡಿಸ್ಕೊಳ್ಳಿ ತಾಯಿ, ಮಾಡಿಸ್ಕೊಳ್ಳಲೇಬೇಕು, ಕಣ್ಣು ಮುಖ್ಯ" ಎಂದರು. "ಆದ್ರೆ ಅದಕ್ಕೆ ಮುಂಚೆ ಇನ್ನೊಂದ್ ಸಲ ಸರಿಯಾಗ್ ನೋಡ್ಬುಡಿ" ಎಂದು ಮುಖವನ್ನು ಬೆಳಕಿನ ಕಡೆ ತಿರುಗಿಸಿ ನಿಂತುಕೊಂಡರು.